ಕೃಷಿ ಹೊಂಡದ ಕೆಂಪು ನೀರು ತಿಳಿಯಾಗ್ತಿಲ್ಲ, ನುಗ್ಗೆ ಬೀಜ ಹಾಕಿದರೆ ಆಗುತ್ತಾ?

ಕೆಮ್ಮಣ್ಣು ತೋಟ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನು ಹೊಳಲ್ಕೆರೆ ಕಡೆಯವನು. ಹೋದ ವರ್ಷ ಕೃಷಿ ಹೊಂಡ ತೆಗೆಸಿದೆ. ಮೇಲುಗಡೆ 21 ಮೀಟರ್ ಚೌಕ, 3 ಮೀಟರ್ ಆಳ, ಒಳಗೆ ಪ್ಲಾಸ್ಟಿಕ್ ಹಾಳೆ. ಈ ಸಲ ಮಳೆ ಚೆನ್ನಾಗಿ ಬಂತು, ಹೊಂಡ ತುಂಬಿತು. ಖುಷಿ ಪಡೋಣ ಅಂದರೆ ನೀರು ಹಾಲು ಹಾಕಿದ ಟೀ ಥರ ನಿಂತಿದೆ. ಐದು ವಾರ ಆಯಿತು, ಹಾಗೇ ಇದೆ. ಒಂದು ಲೋಟದಲ್ಲಿ ಹಿಡಿದು ಕಿಟಕಿಯ ಮೇಲೆ ಇಟ್ಟೆ. ಮೂರು ದಿನ ಆದರೂ ತಳದಲ್ಲಿ ಚೂರು ಮಣ್ಣು ಬಿಟ್ಟರೆ ಮೇಲೆ ಕೆಂಪೋ ಕೆಂಪು.

ಅಡಿಕೆಗೆ ಡ್ರಿಪ್ ಹಾಕಿದ್ದೇನೆ. ದಿನಕ್ಕೆ ಎರಡು ಸಲ ಫಿಲ್ಟರ್ ಬಿಚ್ಚಿ ತೊಳೆಯುವುದೇ ಕೆಲಸ. ಅಷ್ಟಾದರೂ ಕೊನೆಯ ಸಾಲಿನ ಡ್ರಿಪ್ಪರ್‌ಗಳು ಕಟ್ಟುತ್ತಿವೆ.

ನುಗ್ಗೆ ಬೀಜ ಕುಟ್ಟಿ ಹಾಕಿದರೆ ಬಗ್ಗಡ ನೀರು ತಿಳಿಯಾಗುತ್ತದೆ ಅಂತ ನಮ್ಮ ಮನೆಯವರು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಬದುವಿನ ಮೇಲೆ 14 ನುಗ್ಗೆ ಮರ ಇವೆ. ನಿಜವಾಗಿ ಕೆಲಸ ಮಾಡುತ್ತಾ, ಇಲ್ಲಾ ಸುಮ್ನೆ ವಿಡಿಯೋನಾ? ಯಾರಾದರೂ ಮಾಡಿ ನೋಡಿದ್ದೀರಾ?

ಸುಮ್ನೆ ಓದುಗ

ವಾಟ್ಸಾಪ್ ವಿಜ್ಞಾನ ಅಣ್ಣ. ನುಗ್ಗೆ ಬೀಜಕ್ಕೆ ಅಷ್ಟು ಶಕ್ತಿ ಇದ್ದಿದ್ದರೆ ನಮ್ಮ ದಾವಣಗೆರೆ ನಲ್ಲಿಯಲ್ಲಿ ಮಳೆಗಾಲಕ್ಕೆ ಕಾಫಿ ಬಣ್ಣದ ನೀರು ಯಾಕೆ ಬರಬೇಕು?

ಬೀಕರ್ ಹುಡುಗಿ

ವಾಟ್ಸಾಪ್ ವಿಜ್ಞಾನ ಅಲ್ಲ ಸರ್, ನನ್ನ ಎಂ.ಟೆಕ್ ಪ್ರಾಜೆಕ್ಟೇ ಇದು. ದಾವಣಗೆರೆಯಲ್ಲಿ ಓದುತ್ತಿದ್ದೇನೆ. ಎಂಟು ತಿಂಗಳಿಂದ ನುಗ್ಗೆ ಬೀಜ, ಹುಣಸೆ ಬೀಜ, ಪಾಪಾಸುಕಳ್ಳಿ ಅಂತ ಕುಟ್ಟಿ ಕುಟ್ಟಿ ಹಾಸ್ಟೆಲ್‌ನಲ್ಲಿ ನನಗೆ 'ಒರಳು' ಅಂತ ಹೆಸರು ಬಿದ್ದಿದೆ.

ಕೆಮ್ಮಣ್ಣು ಅಣ್ಣ, ಮೊದಲು ನಿಮ್ಮ ಲೋಟದ ಕಥೆ. ಆ ನೀರಿನಲ್ಲಿ ಇರುವುದು ಮರಳಲ್ಲ, ಜೇಡಿ. ಜೇಡಿಯ ಕಣ ಎಷ್ಟು ಸಣ್ಣದು ಅಂದರೆ ತನ್ನ ಭಾರಕ್ಕೆ ತಾನು ಮುಳುಗಲಾರದು. ಜೊತೆಗೆ ಪ್ರತಿ ಕಣದ ಮೈಮೇಲೂ ಋಣ ವಿದ್ಯುದಂಶ ಇರುತ್ತದೆ. ಎಲ್ಲಕ್ಕೂ ಒಂದೇ ಗುಣ, ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಕೂಡಿಕೊಂಡು ದಪ್ಪ ಆಗುವುದೇ ಇಲ್ಲ. ಮೂರು ದಿನ ಅಲ್ಲ, ಮೂರು ತಿಂಗಳು ಇಟ್ಟರೂ ಕೆಲವು ಹಾಗೇ ತೇಲುತ್ತವೆ.

ಒಣಗಿದ ನುಗ್ಗೆ ಬೀಜದ ತಿರುಳಿನಲ್ಲಿ ನೀರಿನಲ್ಲಿ ಕರಗುವ ಒಂದು ಪ್ರೋಟೀನ್ ಇದೆ. ಅದರ ಮೈಮೇಲೆ ಧನ ವಿದ್ಯುದಂಶ. ಅದು ಜೇಡಿ ಕಣಕ್ಕೆ ಹೋಗಿ ಅಂಟುತ್ತದೆ, ಜಗಳ ನಿಲ್ಲುತ್ತದೆ, ಕಣಗಳು ಗುಂಪು ಕಟ್ಟಿ ಹಿಂಜಿದ ಹತ್ತಿಯ ಎಳೆಯಂತೆ ಆಗಿ ತಳಕ್ಕೆ ಇಳಿಯುತ್ತವೆ. ಪಟಕ (ಆಲಂ) ಹಾಕಿದಾಗ ಆಗುವುದೂ ಹೆಚ್ಚುಕಮ್ಮಿ ಇದೇ. ಅಲ್ಲಿ ಅಲ್ಯೂಮಿನಿಯಂ ಮಾಡುವ ಕೆಲಸವನ್ನು ಇಲ್ಲಿ ಪ್ರೋಟೀನ್ ಮಾಡುತ್ತದೆ.

ಸುಡಾನ್ ದೇಶದಲ್ಲಿ ನೈಲ್ ನದಿಯ ಪ್ರವಾಹದ ನೀರನ್ನು ಹೆಂಗಸರು ಹೀಗೆಯೇ ತಿಳಿ ಮಾಡುತ್ತಿದ್ದರು. ಸಾಮಿಯಾ ಅಲ್ ಅಝರಿಯಾ ಯಾನ್ ಅನ್ನುವ ವಿಜ್ಞಾನಿ ಅಲ್ಲೇ ಇದ್ದು ಅದನ್ನು ನೋಡಿ, ಪರೀಕ್ಷೆ ಮಾಡಿ ಬರೆದರು. ಆಮೇಲೆ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದವರು ಆಫ್ರಿಕಾದ ಮಲಾವಿಯಲ್ಲಿ, ಥ್ಯೋಲೊ ಅನ್ನುವ ಊರಿನ ನೀರು ಶುದ್ಧೀಕರಣ ಘಟಕದಲ್ಲೇ ಪಟಕದ ಬದಲು ನುಗ್ಗೆ ಬೀಜ ಹಾಕಿ ನೋಡಿದರು. ಅಲ್ಲಿ ಅದು ಪಟಕಕ್ಕೆ ಸರಿಸಮ ನಿಂತಿತು.

ಫಿಲ್ಟರ್ ಹೌಸ್ ರಿಟೈರ್ಡ್

ಮಗಳು ಸರಿಯಾಗಿ ಹೇಳಿದ್ದಾಳೆ. ನಾನು ಒಂದು ಊರಿನ ಫಿಲ್ಟರ್ ಹೌಸಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಯಾವ ಊರು ಅಂತ ಬೇಡ.

ಸುಮ್ನೆ ಓದುಗರೇ, ನಲ್ಲಿಯ ಕಾಫಿ ಬಣ್ಣಕ್ಕೆ ಕಾರಣ ಕೇಳಿದಿರಲ್ಲ. ಹರಿಹರದ ಹತ್ತಿರ ತುಂಗಭದ್ರೆಗೆ ಮಲೆನಾಡಿನ ಮೊದಲ ಮಳೆನೀರು ಬಂದಾಗ ನೋಡಿದ್ದೀರಾ? ಬೆಳಗ್ಗೆ ಇದ್ದ ನೀರು ಮಧ್ಯಾಹ್ನಕ್ಕೆ ಇರಲ್ಲ. ಅಷ್ಟು ಬೇಗ ಬದಲಾಗುತ್ತದೆ. ಬೆಳಗಿನ ಲೆಕ್ಕದಲ್ಲೇ ಪಟಕ ಬಿಡುತ್ತಾ ಕೂತರೆ ಮಧ್ಯಾಹ್ನದ ಮಣ್ಣು ಕೂರಲ್ಲ. ಎಷ್ಟು ಹಾಕಬೇಕು ಅಂತ ಆಗಾಗ ಜಾರ್ ಟೆಸ್ಟ್ ಮಾಡಬೇಕು. ಆರು ಬೀಕರ್ ಸಾಲಾಗಿ ಇಟ್ಟು, ಒಂದೊಂದಕ್ಕೆ ಒಂದೊಂದು ಅಳತೆ ಹಾಕಿ, ಒಂದು ನಿಮಿಷ ಜೋರಾಗಿ ತಿರುಗಿಸಿ, ಆಮೇಲೆ ಹದಿನೈದು ಇಪ್ಪತ್ತು ನಿಮಿಷ ನಿಧಾನಕ್ಕೆ ತಿರುಗಿಸಿ, ಅರ್ಧ ಗಂಟೆ ಬಿಟ್ಟು ನೋಡುವುದು. ಯಾವುದು ತಿಳಿಯೋ ಆ ಅಳತೆ. ನನ್ನ ಕಾಲದಲ್ಲಿ ಆ ಮೆಷಿನ್ ಕೆಟ್ಟು ಎರಡು ಮಳೆಗಾಲ ಮೂಲೆಯಲ್ಲಿ ಕೂತಿತ್ತು. ನಾವು ಕಣ್ಣಂದಾಜಿನಲ್ಲಿ ಹಾಕಿದೆವು. ಜನ ಬೈದರು. ಬೈದಿದ್ದು ಸರಿಯೇ.

ಇನ್ನು ಜಾಸ್ತಿ ಹಾಕಿದರೆ ಒಳ್ಳೆಯದು ಅನ್ನುವುದೂ ತಪ್ಪು. ಪಟಕ ಜಾಸ್ತಿಯಾದರೆ ನೀರು ಹುಳಿಯಾಗುತ್ತದೆ, ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುತ್ತದೆ. ಕುಡಿಯುವ ನೀರಿನ ನಮ್ಮ ದೇಶದ ಮಾನಕದಲ್ಲಿ ಅಲ್ಯೂಮಿನಿಯಂ ಲೀಟರಿಗೆ 0.03 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 0.2 ತನಕ. ನುಗ್ಗೆ ಬೀಜದಲ್ಲಿ ಈ ಎರಡೂ ತಾಪತ್ರಯ ಇಲ್ಲ, ಅದು ದೊಡ್ಡ ಗುಣ. ಆದರೆ ಅದಕ್ಕೆ ಅದರದೇ ತಾಪತ್ರಯ ಇದೆ. ಮಗಳು ಹೇಳಲಿ ಅಂತ ಬಿಟ್ಟಿದ್ದೇನೆ.

ಬೀಕರ್ ಹುಡುಗಿ

ಹೇಳುತ್ತೇನೆ ಸರ್, ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದ ಹಾಗಾಯಿತು.

ಬೀಜ ಕುಟ್ಟಿ ಹಾಕಿದರೆ ನೀರಿಗೆ ಸೇರುವುದು ಆ ಒಂದು ಪ್ರೋಟೀನ್ ಮಾತ್ರ ಅಲ್ಲ. ಎಣ್ಣೆ, ಪಿಷ್ಟ, ಬೇರೆ ಪ್ರೋಟೀನ್ ಎಲ್ಲ ಸೇರುತ್ತದೆ. ತಿಳಿಯಾದ ನೀರಿನಲ್ಲಿ ಅದೆಲ್ಲ ಬ್ಯಾಕ್ಟೀರಿಯಾಗೆ ಊಟ. ಒಂದು ದಿನ ದಾಟಿದರೆ ವಾಸನೆ ಶುರು. ಮಣ್ಣಿನ ಜೊತೆ ಬ್ಯಾಕ್ಟೀರಿಯಾವೂ ಬಹುಪಾಲು ತಳಕ್ಕೆ ಹೋಗುತ್ತದೆ, ಅದು ನಿಜ. ನೂರಕ್ಕೆ 90ರಿಂದ 99ರಷ್ಟು ಕಡಿಮೆ ಆಗುವುದನ್ನು ಹಲವರು ಅಳೆದಿದ್ದಾರೆ. ಆದರೆ ಉಳಿದದ್ದು ಆ ಊಟ ತಿಂದು ಮತ್ತೆ ಹೆಚ್ಚುತ್ತದೆ. ಆದ್ದರಿಂದ ಕುಡಿಯುವುದಾದರೆ ತಿಳಿ ಬಸಿದು ಕುದಿಸಲೇಬೇಕು, ಇಲ್ಲವೇ ಕ್ಲೋರಿನ್ ಹಾಕಬೇಕು, ಅವತ್ತೇ ಮುಗಿಸಬೇಕು.

ಕೆಮ್ಮಣ್ಣು ತೋಟ

ಕುಡಿಯುವುದಕ್ಕೆ ಬೇಡ ತಂಗಿ, ನನಗೆ ಡ್ರಿಪ್‌ಗೆ ಬೇಕು. ಹೊಂಡಕ್ಕೆ ಎಷ್ಟು ಬೀಜ ಬೇಕಾಗುತ್ತದೆ ಅಂತ ಹೇಳು. ಅಮ್ಮ ಬಿತ್ತನೆಗೆ ಅಂತ ಒಣ ಕಾಯಿ ಕಟ್ಟಿಟ್ಟಿದ್ದಾರೆ, ಒಂದು ಎರಡು ಕೇಜಿ ಬೀಜ ಆಗಬಹುದು.

ಬೀಕರ್ ಹುಡುಗಿ

ಅಣ್ಣ, ಲೆಕ್ಕ ಕೇಳಿ ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಹೊಂಡದ ಗೋಡೆ ಇಳಿಜಾರು ಅಂತ ಹಿಡಿದರೂ ತುಂಬಿದಾಗ ಹತ್ತಿರ ಹತ್ತಿರ 10 ಲಕ್ಷ ಲೀಟರ್. ಸಾಧಾರಣ ಬಗ್ಗಡಕ್ಕೆ ಎರಡು ಲೀಟರಿಗೆ ಒಂದು ಬೀಜ, ಅಂದರೆ ಲೀಟರಿಗೆ 100 ಮಿಲಿಗ್ರಾಂ ತಿರುಳು. ತೀರಾ ಬಗ್ಗಡವಾದರೆ ಲೀಟರಿಗೆ ಒಂದು, ಎರಡು ಬೀಜವೂ ಬೇಕಾಗುತ್ತದೆ. ಕಡಿಮೆ ಅಳತೆಯನ್ನೇ ಹಿಡಿಯೋಣ. 10 ಲಕ್ಷ ಲೀಟರಿಗೆ ಒಂದು ಕ್ವಿಂಟಲ್ ತಿರುಳು. ಒಂದು ತಿರುಳು 0.2 ಗ್ರಾಂ ತೂಗುತ್ತದೆ ಅಂದರೆ 5 ಲಕ್ಷ ಬೀಜ. ಒಂದು ಕಾಯಿಯಲ್ಲಿ ಇಪ್ಪತ್ತು ಬೀಜ ಅಂದರೂ 25 ಸಾವಿರ ನುಗ್ಗೆಕಾಯಿ!

ಸುಮ್ನೆ ಓದುಗ

25 ಸಾವಿರ ನುಗ್ಗೆಕಾಯಿ ಮಾರಿದರೆ ಅದೇ ದುಡ್ಡಲ್ಲಿ ಇನ್ನೊಂದು ಹೊಂಡ ತೆಗೆಸಬಹುದು 😀

ಕೆಮ್ಮಣ್ಣು ತೋಟ

ಹೊಟ್ಟೆ ಉರಿಸಬೇಡಿ ಮಾರಾಯ್ರೇ.

ಮೇಷ್ಟ್ರು ದುರ್ಗ (ಸೋಮವಾರ ಬೆಳಗ್ಗೆ)

ಹೊಂಡದ ವಿಷಯ ನನಗೆ ಗೊತ್ತಿಲ್ಲ. ನಾನು ಚಿತ್ರದುರ್ಗದಲ್ಲಿ ಕನ್ನಡ, ಸಂಸ್ಕೃತ ಕಲಿಸಿದವನು. ನೀರು ತಿಳಿ ಮಾಡುವ ಬೀಜ ಅಂದಾಗ ನನಗೆ ನೆನಪಾಗುವುದು ನುಗ್ಗೆ ಅಲ್ಲ, ಚಿಲ್ಲದ ಬೀಜ. ಸಂಸ್ಕೃತದಲ್ಲಿ ಕತಕ. ನಮ್ಮ ಅಜ್ಜಿ ಹೊಸ ಮಡಕೆಯ ಒಳಗೋಡೆಗೆ ಚಿಲ್ಲದ ಬೀಜವನ್ನು ಗಂಧ ತೇಯುವ ಹಾಗೆ ತಿಕ್ಕಿ, ಆಮೇಲೆ ಕೆರೆ ನೀರು ತುಂಬುತ್ತಿದ್ದರು. ಸಂಜೆ ತುಂಬಿದರೆ ಬೆಳಗ್ಗೆ ತಿಳಿ.

ಸುಶ್ರುತ ಸಂಹಿತೆಯಲ್ಲಿ ಕಲಕಿದ ನೀರನ್ನು ತಿಳಿ ಮಾಡುವ ಏಳು ಸಾಧನಗಳ ಹೆಸರಿದೆ. ಅದರಲ್ಲಿ ಮೊದಲನೆಯದೇ ಕತಕ. ಉಳಿದವು ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ಬಟ್ಟೆ, ಮುತ್ತು, ಮಣಿ. ಮುತ್ತು ಮಣಿ ಹಾಕಿ ನೀರು ತಿಳಿ ಮಾಡುವಷ್ಟು ಶ್ರೀಮಂತರು ನಾವಲ್ಲ, ಬಟ್ಟೆ ಇದ್ದೇ ಇದೆ. ಮನುಸ್ಮೃತಿಯಲ್ಲೂ ಇದರ ಮಾತು ಬರುತ್ತದೆ. ಕತಕದ ಹಣ್ಣು ನೀರನ್ನು ತಿಳಿಯಾಗಿಸುತ್ತದೆ ನಿಜ, ಆದರೆ ಅದರ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು ಅಂತ. ಹೋಲಿಕೆಗೆ ಬಳಸುವಷ್ಟು ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ ಆಗಿತ್ತು ಅನ್ನುವುದು ನನಗೆ ಮುಖ್ಯ ಅನಿಸುತ್ತದೆ.

ಈಗಲೂ ಗ್ರಂಥಿಗೆ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ.

ಫಿಲ್ಟರ್ ಹೌಸ್ ರಿಟೈರ್ಡ್

ಮೇಷ್ಟ್ರೇ, ಒಂದು ಎಚ್ಚರಿಕೆ ಸೇರಿಸುತ್ತೇನೆ. ಚಿಲ್ಲಕ್ಕೂ ಕಾಸರಕಕ್ಕೂ ಒಂದೇ ಕುಲ. ಕಾಸರಕ ಕಡು ವಿಷ. ಕಾಸರಕದ ಬೀಜ ದೊಡ್ಡದು, ಹಳೇ ಕಾಲದ ಬಿಲ್ಲೆಯ ಹಾಗೆ ಚಪ್ಪಟೆ, ಹಣ್ಣು ಕಿತ್ತಳೆ ಬಣ್ಣ. ಚಿಲ್ಲದ್ದು ಸಣ್ಣ, ಗುಂಡಿಯ ಹಾಗೆ ಉರುಟು, ಹಣ್ಣು ಮಾಗಿದರೆ ಕಪ್ಪು. ಕಾಡಿನಲ್ಲಿ ಸಿಕ್ಕಿದ್ದನ್ನು ಗೊತ್ತಿಲ್ಲದೆ ಆರಿಸಿ ತರಬೇಡಿ. ತಿಳಿದವರಿಗೆ ತೋರಿಸಿ, ಇಲ್ಲಾ ಬಿಟ್ಟುಬಿಡಿ.

ಬೀಕರ್ ಹುಡುಗಿ

ಮೇಷ್ಟ್ರೇ, ನಿಮ್ಮ ಅಜ್ಜಿಯ ಮಡಕೆಯನ್ನು ನನ್ನ ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಪುಟಕ್ಕೆ ಹಾಕಿಕೊಳ್ಳಲಾ?

ಚಿಲ್ಲ ಕೆಲಸ ಮಾಡುವ ರೀತಿ ನುಗ್ಗೆಗಿಂತ ಬೇರೆ. ನುಗ್ಗೆ ಕಣದ ವಿದ್ಯುದಂಶವನ್ನು ತಣಿಸುತ್ತದೆ. ಚಿಲ್ಲದಲ್ಲಿ ಇರುವುದು ಉದ್ದುದ್ದ ಸರಪಳಿಯಂಥ ಅಂಟು. ಒಂದು ಸರಪಳಿಗೆ ಹತ್ತಾರು ಕಣ ಸಿಕ್ಕಿಕೊಂಡು, ಕಣದಿಂದ ಕಣಕ್ಕೆ ಸೇತುವೆ ಕಟ್ಟಿದ ಹಾಗೆ ಆಗುತ್ತದೆ. ಹುಣಸೆ ಬೀಜ, ಬೆಂಡೆಕಾಯಿ ಲೋಳೆ, ಪಾಪಾಸುಕಳ್ಳಿ ಲೋಳೆ ಎಲ್ಲ ಈ ಸೇತುವೆ ಗುಂಪಿನವೇ. ನೀರು ಸ್ವಲ್ಪ ಕ್ಷಾರ ಇದ್ದಾಗ ಪಾಪಾಸುಕಳ್ಳಿ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೇ ಹಾಕುವುದಕ್ಕಿಂತ ಸ್ವಲ್ಪ ಪಟಕದ ಜೊತೆ ಸಹಾಯಕ್ಕೆ ಅಂತ ಹಾಕಿದಾಗ ನನಗೆ ಗುಂಪು ದಪ್ಪಗೆ ಬಂತು, ಬೇಗ ಕೂತಿತು. ಹಾಲು ಸುರಿಯುವ ಕಳ್ಳಿ ಅಲ್ಲ ಮತ್ತೆ! ಅದು ಕಣ್ಣಿಗೆ ಬಿದ್ದರೆ ಆಸ್ಪತ್ರೆಯೇ ಗತಿ.

ಕಂಬಳಿ ಮನೆ

ಹುಣಸೆ ಬೀಜ ಅಂದಿರಿ, ಅದಕ್ಕೆ ಬಂದೆ. ಚಳ್ಳಕೆರೆ ಕಡೆ ಕಂಬಳಿ ನೇಯುವವರ ಮನೆ ನಮ್ಮದು. ಹುಣಸೆ ಬೀಜ ಅರೆದು ಬೇಯಿಸಿ ಗಂಜಿ ಮಾಡಿ ಉಣ್ಣೆಯ ನೂಲಿಗೆ ಹಚ್ಚುತ್ತೇವೆ. ನೂಲು ಗಟ್ಟಿಯಾಗುತ್ತದೆ, ಕಂಬಳಿಗೆ ಬಿಗಿ ಬರುತ್ತದೆ. ಗಂಜಿ ಪಾತ್ರೆ ತೊಳೆದ ನೀರನ್ನು ಹೊಂಡದ ಬಗ್ಗಡ ಬಕೆಟ್ಟಿಗೆ ಹಾಕಿದರೆ ಮಣ್ಣು ಹರಳು ಹರಳಾಗಿ ಕೂರುವುದನ್ನು ಚಿಕ್ಕವನಿದ್ದಾಗ ನೋಡಿದ್ದೇನೆ. ಯಾಕೆ ಅಂತ ಇವತ್ತು ಗೊತ್ತಾಯಿತು ನೋಡಿ. ಸೇತುವೆ!

ಆಲೆಮನೆ ಹರಿಹರ

ನಮ್ಮಲ್ಲಿ ಬೆಂಡೆ. ಆಲೆಮನೆಯಲ್ಲಿ ಬೆಂಡೆ ಗಿಡ ಜಜ್ಜಿ ನೀರಲ್ಲಿ ನೆನೆಸಿ, ಆ ಲೋಳೆಯನ್ನು ಕಾಯುತ್ತಿರುವ ಕೊಪ್ಪರಿಗೆಗೆ ಹೊಯ್ಯುತ್ತಿದ್ದರು. ಕಬ್ಬಿನ ಹಾಲಿನ ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತಿತ್ತು, ಜಾಲರಿಯಲ್ಲಿ ತೆಗೆದು ಹಾಕುವುದು. ಇಲ್ಲಿ ತಳಕ್ಕೆ ಕೂರಲ್ಲ, ಕಾವಿಗೆ ಮೇಲೆ ಬರುತ್ತೆ. ಈಗ ಬೆಂಡೆ ಯಾರಿಗೆ ಬೇಕು, ಬಿಳಿ ಪುಡಿ ಹಾಕುತ್ತಾರೆ, ಬೆಲ್ಲ ಬಂಗಾರದ ಬಣ್ಣ ಬರುತ್ತೆ. ಕೊಳ್ಳುವವರೂ ಬಣ್ಣವನ್ನೇ ಕೇಳೋದು. ವಿಷಯ ಬಿಟ್ಟು ಹೋಯಿತು, ಕ್ಷಮಿಸಿ.

ಮಗ್ಗದ ಮನೆ ಮೊಳಕಾಲ್ಮೂರು

ನನ್ನ ಪ್ರಶ್ನೆ ಕೊಳಚೆ ನೀರಿನದ್ದು. ನಮ್ಮದು ರೇಷ್ಮೆ ಸೀರೆ ಊರು, ಗೊತ್ತಲ್ಲ. ನೂಲಿಗೆ ಬಣ್ಣ ಹಾಕುವ ಕೆಲಸ ನಮ್ಮದು. ದಿನಾ ಬಣ್ಣದ ನೀರು ಹೊರಗೆ ಬಿಡಬೇಕು. ಹಿಂದಿನ ಜಮೀನಿನವರು ಜಗಳಕ್ಕೆ ಬರುತ್ತಾರೆ, ಅವರದ್ದೂ ತಪ್ಪಿಲ್ಲ.

ಹೋದ ವರ್ಷ ಒಬ್ಬರು ಬಂದು 'ನುಗ್ಗೆ ನ್ಯಾಚುರಲ್ ಪೌಡರ್' ಅಂತ ಐದು ಕೇಜಿ ಮಾರಿದರು. ಕೇಜಿಗೆ ಒಳ್ಳೇ ದುಡ್ಡು. ಹಾಕಿದರೆ ನೀರು ಇನ್ನೂ ಹಸಿರಾಯಿತು. ಫೋನ್ ಮಾಡಿದರೆ ನಂಬರ್ ಸ್ವಿಚ್ ಆಫ್. ಅವತ್ತಿಂದ ನುಗ್ಗೆ ಅಂದರೆ ಸಿಟ್ಟು ಬರುತ್ತೆ. ಆದರೂ ಕೇಳುತ್ತೇನೆ, ಬಣ್ಣ ಹೋಗುತ್ತಾ?

ಬೀಕರ್ ಹುಡುಗಿ

ಅಯ್ಯೋ ಅಣ್ಣ, ಅವರು ಕೊಟ್ಟಿದ್ದು ನುಗ್ಗೆ ಸೊಪ್ಪಿನ ಪುಡಿ ಇರಬೇಕು. ಹಸಿರಾಯಿತು ಅಂದರಲ್ಲ. ಸೊಪ್ಪು ಮನುಷ್ಯರಿಗೆ ಒಳ್ಳೆಯದು, ನೀರು ತಿಳಿ ಮಾಡುವ ಪ್ರೋಟೀನ್ ಇರುವುದು ಬೀಜದಲ್ಲಿ. ಬೀಜದಲ್ಲೂ ಸಾಂಬಾರಿಗೆ ಹಾಕುವ ಹಸಿ ಕಾಯಿಯದ್ದು ಬರಲ್ಲ. ಕಾಯಿ ಮರದಲ್ಲೇ ಒಣಗಿ ಕಂದು ಬಣ್ಣಕ್ಕೆ ಬಂದಿರಬೇಕು. ಸಿಪ್ಪೆ ಬಿಡಿಸಿದರೆ ಒಳಗೆ ಬೆಳ್ಳಗಿನ ತಿರುಳು. ಅದನ್ನೂ ಬೇಕಾದಾಗ ಕುಟ್ಟಬೇಕು. ಪುಡಿ ಮಾಡಿ ತಿಂಗಳುಗಟ್ಟಲೆ ಇಟ್ಟರೆ ಶಕ್ತಿ ಇಳಿಯುತ್ತದೆ. ಕಾಯಿಯೊಳಗೇ ಇದ್ದರೆ ಬಹಳ ದಿನ ಚೆನ್ನಾಗಿರುತ್ತದೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ರೇಷ್ಮೆಗೆ ಹೆಚ್ಚಾಗಿ ಬಳಸುವ ಆಸಿಡ್ ಬಣ್ಣಗಳು ನೀರಿನಲ್ಲಿ ಋಣ ವಿದ್ಯುದಂಶ ಹೊತ್ತಿರುತ್ತವೆ. ನುಗ್ಗೆಯ ಪ್ರೋಟೀನ್ ಧನ. ಹಾಗಾಗಿ ಒಳ್ಳೆ ಜೋಡಿ. ನಾನು ಮಾಡಿದ ಪರೀಕ್ಷೆಯಲ್ಲಿ ಕೆಂಪು ನೀರಿನ ಬಣ್ಣ ಚೆನ್ನಾಗಿ ಇಳಿಯಿತು, ಪೂರ್ತಿ ಹೋಗಲಿಲ್ಲ. ಬೀಜವನ್ನು ಸಾದಾ ನೀರಿನ ಬದಲು ಉಪ್ಪು ನೀರಿನಲ್ಲಿ ಕಲಸಿದರೆ ಪ್ರೋಟೀನ್ ಜಾಸ್ತಿ ಬಿಟ್ಟುಕೊಳ್ಳುತ್ತದೆ. ಆದರೆ ನೀವು ಹೊರಗೆ ಬಿಡುವ ನೀರಿಗೆ ಉಪ್ಪು ಸೇರಿಸಿದರೆ ಹಿಂದಿನ ಜಮೀನಿಗೆ ಅದೇ ಹೊಸ ತಲೆನೋವು. ಬಣ್ಣದಲ್ಲಿ ಆಗಲೇ ಇರುವ ಉಪ್ಪು, ಆಸಿಡ್ ಯಾವುದನ್ನೂ ನುಗ್ಗೆ ತೆಗೆಯಲ್ಲ. ಕರಗಿದ್ದು ಕರಗಿದ್ದೇ.

ತಳದಲ್ಲಿ ಕೂತ ಬಣ್ಣದ ಕೆಸರನ್ನು ತಿಪ್ಪೆಗೆ ಹಾಕಬೇಡಿ. 'ಗಿಡದಿಂದ ಬಂದಿದ್ದು, ಗೊಬ್ಬರ ಆಗುತ್ತೆ' ಅಂತ ಕೆಲವರು ಹೇಳುತ್ತಾರೆ. ನುಗ್ಗೆಯದು ಗೊಬ್ಬರ ಆಗುತ್ತೆ, ಅದಕ್ಕೆ ಅಂಟಿದ ಬಣ್ಣ ಆಗಲ್ಲ.

ಫಿಲ್ಟರ್ ಹೌಸ್ ರಿಟೈರ್ಡ್

ಮಗ್ಗದ ಮನೆಯವರೇ, ನಾಲ್ಕು ಮನೆ ಸೇರಿ ಒಂದು ತೊಟ್ಟಿ ಕಟ್ಟಿಸಿ, ಬಣ್ಣದ ನೀರನ್ನು ಮೊದಲು ಒಂದು ಕಡೆ ಕೂಡಿಸಿ. ಇವತ್ತು ಕೆಂಪು, ನಾಳೆ ಹಸಿರು, ಒಂದು ಸಲ ಬಿಸಿ ಒಂದು ಸಲ ತಣ್ಣಗೆ ಬಂದರೆ ಯಾವ ಪುಡಿಯೂ ಸರಿಯಾಗಿ ಕೆಲಸ ಮಾಡಲ್ಲ, ಪಟಕವೂ ಅಷ್ಟೇ, ನುಗ್ಗೆಯೂ ಅಷ್ಟೇ. ನೀರು ಒಂದೇ ಸಮ ಆದ ಮೇಲೆ ಬೀಜದ ಮಾತು.

ಮಂಡಕ್ಕಿ ಭಟ್ಟಿ

ನಮ್ಮ ಭಟ್ಟಿಯ ಭತ್ತ ನೆನೆಸಿದ ನೀರು ಗಬ್ಬು ನಾರುತ್ತೆ. ನುಗ್ಗೆ ಬೀಜ ಹಾಕಲಾ?

ಬೀಕರ್ ಹುಡುಗಿ

ತೇಲುವ ತೌಡು, ಹೊಟ್ಟಿನ ಚೂರು ಕೂರಬಹುದು, ವಾಸನೆ ಹೋಗಲ್ಲ ಅಣ್ಣ. ಆ ವಾಸನೆ ನೀರಿನಲ್ಲಿ ಕರಗಿದ ಪಿಷ್ಟ, ಸಕ್ಕರೆ ಕೊಳೆಯುವುದರಿಂದ ಬರುತ್ತದೆ. ಅದನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾ ಇರುವ ಟ್ಯಾಂಕೇ ಬೇಕು. ನುಗ್ಗೆ ಬೀಜ ಹಾಕಿದರೆ ಅದರ ಊಟಕ್ಕೆ ಇನ್ನಷ್ಟು ಸೇರಿಸಿದ ಹಾಗೆ.

ಬಯಲುಸೀಮೆ ಅಕ್ಕ (ಸೋಮವಾರ ರಾತ್ರಿ)

ನಾನು ಆಶಾ ಕಾರ್ಯಕರ್ತೆ. ನಮ್ಮ ಊರಿನ ಬೋರ್ ನೀರಲ್ಲಿ ಫ್ಲೋರೈಡ್. ಹುಡುಗರ ಹಲ್ಲು ನೋಡಿದರೆ ಗೊತ್ತಾಗುತ್ತೆ, ಕಂದು ಪಟ್ಟಿ. ನುಗ್ಗೆ ಬೀಜ ಹಾಕಿದರೆ ಫ್ಲೋರೈಡ್ ಹೋಗುತ್ತೆ ಅಂತ ಮಹಿಳಾ ಸಂಘದಲ್ಲಿ ಒಬ್ಬರು ಹೇಳಿದರು. ಈ ಚರ್ಚೆ ಓದಿ ಅನುಮಾನ ಬಂತು.

ಫಿಲ್ಟರ್ ಹೌಸ್ ರಿಟೈರ್ಡ್

ಅಕ್ಕಾ, ನಿಮ್ಮ ಅನುಮಾನ ಸರಿ. ದಯವಿಟ್ಟು ಅದನ್ನು ನಂಬಿ ಕೂರಬೇಡಿ. ಬೋರ್ ನೀರು ನೋಡಲು ಕನ್ನಡಿಯ ಹಾಗೆ ಇರುತ್ತದೆ. ಕೂರಿಸಲು ಅಲ್ಲಿ ಮಣ್ಣೇ ಇಲ್ಲ. ಫ್ಲೋರೈಡ್ ಕಣ ಅಲ್ಲ, ಉಪ್ಪಿನ ಹಾಗೆ ಕರಗಿರುತ್ತದೆ. ಪಟಕದಿಂದ ಫ್ಲೋರೈಡ್ ತೆಗೆಯುವ ಒಂದು ವಿಧಾನ ಇದೆ, ನಲ್ಗೊಂಡ ವಿಧಾನ ಅಂತ. ನಾಗಪುರದ ನೀರಿ (NEERI, ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ಅವರು ರೂಪಿಸಿದ್ದು. ಸುಣ್ಣ, ಪಟಕ, ಬ್ಲೀಚಿಂಗ್ ಪುಡಿ ಮೂರನ್ನೂ ಅಳತೆಯಲ್ಲಿ ಹಾಕಬೇಕು. ಮಣ್ಣು ಕೂರಿಸುವುದಕ್ಕೆ ಹಾಕುವುದಕ್ಕಿಂತ ಹಲವು ಪಟ್ಟು ಪಟಕ ಬೇಕು. ಅಳತೆ ತಪ್ಪಿದರೆ ಫ್ಲೋರೈಡ್ ಬದಲು ಅಲ್ಯೂಮಿನಿಯಂ ಕುಡಿದ ಹಾಗೆ. ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಮಾನಕ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿ ಇಲ್ಲದಿದ್ದರೆ 1.5. ನಿಮ್ಮ ಊರಿನ ನೀರು ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಕುಡಿಯಲು ಅಡುಗೆಗೆ ಆರ್‌ಒ ಘಟಕದ ನೀರೇ ಆಗಲಿ, ಇಲ್ಲಾ ಮಳೆ ನೀರು ಹಿಡಿದು ಬಳಸಿ. ಮಳೆ ನೀರಲ್ಲಿ ಫ್ಲೋರೈಡ್ ಕಾಟ ಇಲ್ಲ.

ಬಯಲುಸೀಮೆ ಅಕ್ಕ

ತುಂಬಾ ಉಪಕಾರ ಸರ್. ನಾಳೆ ಸಂಘದಲ್ಲಿ ಇದನ್ನೇ ಓದಿ ಹೇಳುತ್ತೇನೆ.

ಶೇಂಗಾ ಹೊಲ

ಕೆಮ್ಮಣ್ಣು ಅಣ್ಣನ ಹೊಂಡವನ್ನು ಎಲ್ಲರೂ ಮರೆತಿರಲ್ಲ! ನಾನು ಚಳ್ಳಕೆರೆ ಕಡೆ, ಶೇಂಗಾ ಬೆಳೆಗಾರ. ಅಣ್ಣ, ಜಿಪ್ಸಂ ನೋಡಿದ್ದೀರಾ? ನಾವು ಶೇಂಗಾ ಹೂವಾಡಿ ಊಡು ಇಳಿಯುವಾಗ ಬುಡಕ್ಕೆ ಹಾಕುತ್ತೇವೆ. ಎರಡು ವರ್ಷದ ಹಿಂದೆ ನನ್ನ ಹೊಂಡವೂ ನಿಮ್ಮದರ ಹಾಗೇ ಇತ್ತು. ಉಳಿದಿದ್ದ ಜಿಪ್ಸಂ ಚೀಲ ಹರಿದು ಅರ್ಧ ಹೊಂಡಕ್ಕೆ ಬಿತ್ತು. ಬಿತ್ತು ಅಂದರೆ ನಮ್ಮ ಹುಡುಗ ಬೀಳಿಸಿದ, ಬೈದೆ. ಮೂರನೇ ದಿನ ಆ ಮೂಲೆ ತಿಳಿ. ಬೈದಿದ್ದಕ್ಕೆ ಅವನಿಗೆ ಖಾರ ಮಂಡಕ್ಕಿ ಮಿರ್ಚಿ ಕೊಡಿಸಿದೆ.

ಬೀಕರ್ ಹುಡುಗಿ

ನಾನು ಗಿಡದ ಹುಚ್ಚಿಯಾಗಿ ಇದನ್ನು ಮರೆತೇ ಬಿಟ್ಟಿದ್ದೆ! ಶೇಂಗಾ ಅಣ್ಣ ಹೇಳಿದ್ದು ನಿಜ. ಜಿಪ್ಸಂನಿಂದ ಕ್ಯಾಲ್ಸಿಯಂ ಬಿಡುಗಡೆ ಆಗುತ್ತದೆ, ಅದೂ ಧನ ವಿದ್ಯುದಂಶದ್ದೇ. ಮಳೆ ನೀರಿನಲ್ಲಿ ಲವಣ ತೀರಾ ಕಡಿಮೆ. ಅದಕ್ಕೇ ಮಳೆ ನೀರಿನ ಹೊಂಡದಲ್ಲಿ ಜೇಡಿ ಅಷ್ಟು ಹಟ ಹಿಡಿದು ತೇಲುವುದು. ಕ್ಯಾಲ್ಸಿಯಂ ಸೇರಿದರೆ ಕೂಡಿಕೊಂಡು ಕೂರುತ್ತದೆ. ಹುಳಿ ಏರುವುದಿಲ್ಲ, ನುಗ್ಗೆಯ ಹಾಗೆ ಕೊಳೆಯುವುದೂ ಇಲ್ಲ.

ಲೀಟರಿಗೆ ಸುಮಾರು 200 ಮಿಲಿಗ್ರಾಂ ಅಂತ ಹಿಡಿದರೆ ನಿಮ್ಮ ಹೊಂಡಕ್ಕೆ ಎರಡು ಕ್ವಿಂಟಲ್, 50 ಕೇಜಿಯ ನಾಲ್ಕು ಚೀಲ. ಆದರೆ ಹಾಕುವ ಮೊದಲು ಬಕೆಟ್ಟಿನಲ್ಲಿ ನೋಡಿ. ನಾಲ್ಕು ಬಕೆಟ್, ಹತ್ತತ್ತು ಲೀಟರ್ ಹೊಂಡದ ನೀರು. ಒಂದಕ್ಕೆ ಏನೂ ಹಾಕಬೇಡಿ. ಒಂದಕ್ಕೆ 2 ಗ್ರಾಂ ಜಿಪ್ಸಂ, ಒಂದಕ್ಕೆ 4 ಗ್ರಾಂ. ಬಂಗಾರದ ಅಂಗಡಿಯ ತಕ್ಕಡಿ ಇದ್ದರೆ ಒಳ್ಳೆಯದು. ನಾಲ್ಕನೆಯದಕ್ಕೆ ನುಗ್ಗೆ ಹತ್ತು ಬೀಜ. ತಿರುಳು ನುಣ್ಣಗೆ ಕುಟ್ಟಿ, ಸ್ವಲ್ಪ ಒಳ್ಳೆ ನೀರಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಆ ಹಾಲನ್ನು ಹಾಕಿ. ಒಂದು ನಿಮಿಷ ಜೋರಾಗಿ ತಿರುಗಿಸಿ, ಹತ್ತು ನಿಮಿಷ ಮಜ್ಜಿಗೆ ಕಡೆಯುವುದಕ್ಕಿಂತ ನಿಧಾನಕ್ಕೆ. ಜೋರು ಮಾಡಿದರೆ ಕಟ್ಟಿದ ಗುಂಪು ಒಡೆದುಹೋಗುತ್ತದೆ. ಆಮೇಲೆ ಮುಟ್ಟಬೇಡಿ.

ಅಣ್ಣ, ಆಗುವುದಾದರೆ ಒಂದು ಐದು ಲೀಟರ್ ಕ್ಯಾನ್ ನೀರು ದಾವಣಗೆರೆ ಬಸ್ಸಿಗೆ ಹಾಕಿ ಕಳಿಸ್ತೀರಾ? ನನಗೆ ನಿಜವಾದ ಹೊಂಡದ ನೀರು ಸಿಕ್ಕಿಲ್ಲ. ಲ್ಯಾಬಿನಲ್ಲಿ ಜೇಡಿ ಕಲಸಿದ ನೀರಿನಲ್ಲೇ ಮಾಡುತ್ತಿದ್ದೇನೆ.

ಡ್ರಿಪ್ ಫಿಟ್ಟರ್

ಪುಡಿ ಹಾಕುವುದು ಇರಲಿ, ನೀರು ಹೊಂಡಕ್ಕೆ ಬರುವ ಬಾಯಲ್ಲಿ ಏನಿದೆ? ಹೆಚ್ಚಿನವರು ನೇರ ಹೊಲದ ನೀರನ್ನು ಬಿಟ್ಟುಬಿಡುತ್ತಾರೆ. ಬಾಯಿಗೆ ಮುಂಚೆ ಒಂದು ಹೂಳಿನ ಗುಂಡಿ ತೆಗೆಯಿರಿ, ಅದರ ಮೇಲಕ್ಕೆ ಹತ್ತು ಅಡಿ ಹುಲ್ಲು ಬಿಡಿ. ಮರಳು, ದಪ್ಪ ಮಣ್ಣು ಅಲ್ಲೇ ನಿಲ್ಲುತ್ತದೆ. ಎರಡನೆಯದು, ಪಂಪಿನ ಫುಟ್‌ವಾಲ್ವ್, ಅಂದರೆ ನೀರೆಳೆಯುವ ಪೈಪಿನ ಬಾಯಿ, ತಳದಲ್ಲಿ ಇಡಬೇಡಿ. ಖಾಲಿ ಕ್ಯಾನ್ ಕಟ್ಟಿ ಮೇಲಿನಿಂದ ಎರಡು ಅಡಿ ಕೆಳಗೆ ತೇಲುವ ಹಾಗೆ ಮಾಡಿ. ಮಣ್ಣು ಕೂತ ಮೇಲೂ ತಳದಿಂದ ಎಳೆದರೆ ಕೂತಿದ್ದೇ ಪೈಪಿಗೆ ಬರುತ್ತದೆ, ಅಷ್ಟೂ ಕೆಲಸ ನೀರಿಗೆ ಹೋಮ. ಮೂರನೆಯದು, ಹೊಂಡದ ನೀರಿಗೆ ಜಾಲರಿ ಫಿಲ್ಟರ್ ಒಂದೇ ಸಾಲದು, ಅದಕ್ಕೂ ಮೊದಲು ಮರಳಿನ ಫಿಲ್ಟರ್ ಬೇಕು.

ಕೆಮ್ಮಣ್ಣು ತೋಟ

ಫುಟ್‌ವಾಲ್ವ್ ತಳದಲ್ಲೇ ಇದೆ. ಹೇಳಿಕೊಳ್ಳಲು ನಾಚಿಕೆ.

ಕೆಮ್ಮಣ್ಣು ತೋಟ (ಗುರುವಾರ)

ಬಕೆಟ್ ವರದಿ.

ಜಗಲಿ ಮೇಲೆ ನಾಲ್ಕು ಬಕೆಟ್ ಸಾಲಾಗಿ ಇಟ್ಟೆ. ಏನು ಪೂಜೆ ಅಂತ ಪಕ್ಕದವರು ಕೇಳಿದರು. ನುಗ್ಗೆಯ ಬಕೆಟ್ ಮೊದಲು ಗೆದ್ದಿತು. ಹತ್ತು ನಿಮಿಷಕ್ಕೇ ಒಡೆದ ಹಾಲಿನ ಹಾಗೆ ತರಿ ತರಿ ಆಯಿತು, ಒಂದೂವರೆ ಗಂಟೆಗೆ ಬಕೆಟ್ಟಿನ ತಳದ ಕಂಪನಿ ಮುದ್ರೆ ಕಾಣಿಸಿತು. ನಮ್ಮ ಮನೆಯವರ ಮುಖ ನೋಡಬೇಕಿತ್ತು! ಜಿಪ್ಸಂ 2 ಗ್ರಾಂ ಹಾಕಿದ್ದು ಮರುದಿನ ಬೆಳಗ್ಗೆಗೆ ಅರ್ಧ ತಿಳಿ. 4 ಗ್ರಾಂ ಹಾಕಿದ್ದು ಎರಡನೇ ದಿನಕ್ಕೆ ಚೆನ್ನಾಗಿ ತಿಳಿ, ನುಗ್ಗೆಯಷ್ಟು ಹೊಳಪಿಲ್ಲ. ಏನೂ ಹಾಕದ್ದು ಹಾಗೇ ಟೀ.

ಮೂರನೇ ದಿನ ನುಗ್ಗೆ ಬಕೆಟ್ ವಾಸನೆ ಬಂತು. ತಂಗಿ ಮೊದಲೇ ಹೇಳಿದ್ದಳು. ಜಿಪ್ಸಂದು ಏನೂ ಆಗಿಲ್ಲ.

ಫುಟ್‌ವಾಲ್ವ್‌ಗೆ ಕ್ಯಾನ್ ಕಟ್ಟಿದೆ. ಅದೊಂದಕ್ಕೇ ಫಿಲ್ಟರ್ ತೊಳೆಯುವುದು ದಿನಕ್ಕೆ ಒಂದು ಸಲಕ್ಕೆ ಇಳಿಯಿತು. ಹೊಂಡಕ್ಕೆ ಜಿಪ್ಸಂ, ನಾಲ್ಕರ ಬದಲು ಎಂಟು ಚೀಲ ಲೆಕ್ಕ ಬರುತ್ತೆ. ಮೊದಲು ನಾಲ್ಕು ಹಾಕಿ ನೋಡುತ್ತೇನೆ. ಕ್ಯಾನ್ ಇವತ್ತಿನ ಬಸ್ಸಿಗೆ ಹಾಕಿದ್ದೇನೆ ತಂಗಿ. ಕಂಡಕ್ಟರ್ 'ಏನ್ರೀ ಇದು, ಜೋನಿ ಬೆಲ್ಲನಾ' ಅಂತ ಕೇಳಿದ.

ಬೀಕರ್ ಹುಡುಗಿ

ಸಿಕ್ಕಿತು ಅಣ್ಣ! ಮುಚ್ಚಳ ಸಡಿಲ ಇದ್ದು ಅರ್ಧ ಲೀಟರ್ ಬಸ್ಸಿಗೇ ಅರ್ಪಣೆ ಆಗಿದೆ. ನಾಳೆ ಆರು ಬೀಕರ್ ಇಡುತ್ತೇನೆ. ಮೊದಲು ಜಿಪ್ಸಂ ಅರ್ಧ ಅಳತೆ, ಮೇಲೆ ಹುಣಸೆ ಬೀಜದ ಗಂಜಿ ಒಂದು ಚೂರು. ಕಂಬಳಿ ಮನೆ ಅಣ್ಣ ಹೇಳಿದ ಮೇಲೆ ಅದೇ ತಲೆಯಲ್ಲಿ ಕೂತಿದೆ. ಗಂಜಿ ಎಷ್ಟು ಹೊತ್ತು ಬೇಯಿಸಬೇಕು ಅಣ್ಣ?

ಕಂಬಳಿ ಮನೆ

ಮೊದಲು ಬೀಜ ಹುರಿದು ಕೆಂಪು ಸಿಪ್ಪೆ ತೆಗೆಯಮ್ಮ. ಸಿಪ್ಪೆ ಉಳಿದರೆ ನೀರಿಗೆ ಬಣ್ಣ ಬಿಡುತ್ತೆ. ರಾತ್ರಿ ನೆನೆಸು, ಬೆಳಗ್ಗೆ ಅರೆ, ಬೆರಳಿಗೆ ಎಳೆ ಬರುವ ತನಕ ಬೇಯಿಸು. ನಮ್ಮ ಅವ್ವ ಗಡಿಯಾರ ನೋಡಿದವರಲ್ಲ.

ಸುಮ್ನೆ ಓದುಗ

ನಾನು ಮೊದಲು ವಾಟ್ಸಾಪ್ ವಿಜ್ಞಾನ ಅಂದಿದ್ದೆ, ವಾಪಸ್ ತೆಗೆದುಕೊಂಡೆ. ನಮ್ಮ ಮನೆಯ ಸಂಪಿನ ನೀರಿಗೂ ನೋಡಬೇಕು ಅಂತಿದ್ದೇನೆ. ಬಟ್ಟೆ ಒಗೆಯಲು ಮಾತ್ರ ಮಾರಾಯ್ರೇ, ಕುಡಿಯಲ್ಲ. ಒಣ ಬೀಜ ಯಾರ ಹತ್ತಿರ ಇದೆ?

ಕೆಮ್ಮಣ್ಣು ತೋಟ

ನನ್ನ ಹತ್ತಿರ ಕೇಳಬೇಡಿ. ಇನ್ನು ಮೇಲೆ ಕಾಯಿ ಕೀಳಬೇಡಿ, ಮರದಲ್ಲೇ ಒಣಗಲಿ ಅಂತ ಮನೆಯಲ್ಲಿ ಹೇಳಿದೆ. ವಿಡಿಯೋ ತೋರಿಸಿದವರೇ ಈಗ ಸಾರಿಗೆ ನುಗ್ಗೆಕಾಯಿ ಇಲ್ಲ ಅಂತ ಮಾತು ಬಿಟ್ಟಿದ್ದಾರೆ. ನಾಲ್ಕು ಮರ ಸಾರಿಗೆ, ಹತ್ತು ಮರ ಬೀಜಕ್ಕೆ ಅಂತ ಅಮ್ಮ ರಾಜಿ ಮಾಡಿಸುತ್ತಿದ್ದಾರೆ.